ಮೇಲಿನ ಮನಿ ಕಾಕಾ ಮತ್ತು ಡಬ್ಬಿ ನಗು

ಮೇಲಿನ ಮನಿ ಕಾಕಾನ ಬಲಗೈ ತೋರುಬೆರಳಿನ ತುದಿ ಸದಾ ಕೆಂಪಗೆ ಇರುತ್ತಿತ್ತು. ಮೊದಲ ಸಲ ಕಂಡವರು ಪೂಜೆ ಮುಗಿಸಿ ಕುಂಕುಮ ಒರೆಸಿಕೊಳ್ಳದೆ ಬಂದಿದ್ದಾರೆ ಅಂದುಕೊಳ್ಳುತ್ತಿದ್ದರು. ಅದು ಕೆಂಪು ಶಾಯಿ. ಗೂಡಂಗಡಿಗಳಲ್ಲೆಲ್ಲ ಬಾಲ್‌ಪೆನ್ನು ಸಿಗುವ ಕಾಲದಲ್ಲೂ ಕಾಕಾ ಕತ್ತಿನ ಹತ್ತಿರ ಸೋರುವ ಒಂದು ಶಾಯಿ ಪೆನ್ನನ್ನೇ ಜೇಬಿಗೆ ಸಿಕ್ಕಿಸಿಕೊಂಡು ತಿರುಗುತ್ತಿದ್ದರು. ಎಸೆಯಬಾರದೇ ಅಂದರೆ, "ಸೋರೂ ಪೆನ್ನಿಗೆ ಅಷ್ಟರ ಅವಸರ ಇರ್ತೈತಿ, ನನಗ ಅದೂ ಇಲ್ಲ" ಅನ್ನುತ್ತಿದ್ದರು. ಅವರ ಅಂಗಿಯ ಜೇಬುಗಳಲ್ಲಿ ಒಂದಾದರೂ ಕಲೆಯಿಲ್ಲದ್ದನ್ನು ನಾನು ಕಂಡಿಲ್ಲ.

ಆ ಕೆಂಪು ಶಾಯಿಯಿಂದ ಕಾಕಾ ಮಾಡುತ್ತಿದ್ದ ಕೆಲಸ ವಿಚಿತ್ರವಾದದ್ದು. ಜನ ಎಲ್ಲಿ ನಗಬೇಕು ಎಂದು ಗುರುತು ಹಾಕುವುದು. ಹೈದರಾಬಾದಿನ ಹಿಮಾಯತ್‌ನಗರದಲ್ಲಿ ಕೂತು ಅವರು ಕನ್ನಡ ಟಿವಿಗೆ ಹಾಸ್ಯ ಬರೆಯುತ್ತಿದ್ದರು.

ಮುಖ್ಯರಸ್ತೆಯ ಹಿಂದಿನ ಗಲ್ಲಿಯಲ್ಲಿ ನಮ್ಮ ಬಾಡಿಗೆ ಮನೆ. ಕೆಳಗೆ ಇಸ್ತ್ರಿ ಅಂಗಡಿ, ನಡುವೆ ನಾವು, ಮೇಲೆ ಸಿಮೆಂಟ್ ಶೀಟಿನ ಒಂದೇ ಕೋಣೆಯಲ್ಲಿ ಕಾಕಾ. ನಮ್ಮವರು ಬಾಗಲಕೋಟೆ ಕಡೆಯವರು, ಕಾಕಾ ವಿಜಯಪುರದ ಕಡೆಯವರು. "ಹೊಳಿ ಆಚಿ ದಂಡಿಯವರು, ಬ್ಯಾರೆಯವರೇನಲ್ಲ" ಎಂದು ಅವ್ವ ಮೊದಲ ದಿನವೇ ತೀರ್ಮಾನ ಮಾಡಿ ರೊಟ್ಟಿ ಕಳಿಸಿದ್ದಳಂತೆ. ಅವರು ಅವ್ವನನ್ನು ಅತ್ತಿಗೆಯೆಂದು ಬಗೆದು ವೈನಿ ಅಂದರು. ನಾವು ಮಕ್ಕಳು ಕಾಕಾ ಅಂದೆವು. ಅಪ್ಪನದು ಪಂಪ್‌ಸೆಟ್ ಬಿಡಿಭಾಗಗಳ ವ್ಯಾಪಾರ, ಅರ್ಧ ತಿಂಗಳು ಊರೂರು ತಿರುಗಾಟ. ಹಾಗಾಗಿ ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸುವುದರಿಂದ ಹಿಡಿದು ನನ್ನ ಶಾಲೆಯ ಮಾಸ್ತರರ ಹತ್ತಿರ ಮಾತಾಡುವವರೆಗೆ ಎಲ್ಲಕ್ಕೂ ಮೇಲಿನಿಂದ ಕಾಕಾ ಇಳಿದು ಬರಬೇಕು.

ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ ಅವರ ಹತ್ತಿರ ಸಿದ್ಧ ಉತ್ತರವಿತ್ತು. "ಹೆಣ್ಣು ನೋಡಾಕ ಹೋಗಿದ್ನವ್ವ. ಹುಡುಗಿ ಅಪ್ಪನ್ನ ಭಾಳ ನಗಿಸಿಬಿಟ್ಟೆ. ಹೊಟ್ಟಿ ಹಿಡಕೊಂಡು ನಕ್ಕರು. ನಕ್ಕು ಕಣ್ಣ ಒರಸ್ಕೊಂಡು, ಇಷ್ಟ ನಗಸಾಂವ ದುಡಿಯೂದು ಯಾವಾಗ ಅಂತ ಕೇಳಿ ಚಹಾ ಕುಡಿಸಿ ಕಳಿಸಿಬಿಟ್ಟರು." ನಿಜವೋ ಸುಳ್ಳೋ ಗೊತ್ತಿಲ್ಲ. ಹೇಳಿದಾಗಲೆಲ್ಲ ಹುಡುಗಿಯ ಅಪ್ಪ ಇನ್ನಷ್ಟು ದಪ್ಪಗಾಗುತ್ತಿದ್ದ.

ಹಾಗೆ ನೋಡಿದರೆ ಕಾಕಾ ಚೆನ್ನಾಗಿಯೇ ದುಡಿಯುತ್ತಿದ್ದರು. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನೌಕರಿ. ಬೆಳಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು, ಎರಡೂ ಹೊತ್ತು ದೂರದ ಹಾದಿ. ಆ ಬಸ್ಸೇ ಅವರ ಮೊದಲ ರಂಗಸ್ಥಳ. ಕ್ಯಾಂಟೀನ್ ಮ್ಯಾನೇಜರು ಸಾಂಬಾರಿಗೆ ನೀರು ಬೆರೆಸುತ್ತ ತೆಲುಗಿನಲ್ಲಿ ದೇವರನ್ನು ನೆನೆಯುವುದು, ಹಿಂದಿ ಬಾರದ ಮೇಲಧಿಕಾರಿ ಹಿಂದಿಯಲ್ಲಿ ಸಿಟ್ಟು ಮಾಡುವುದು, ಎಲ್ಲ ಅಲ್ಲಿ ನಡೆಯುತ್ತಿತ್ತು. ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಒಂದು ಪ್ರಹಸನ ಬರೆದುಕೊಟ್ಟರು. ಅದನ್ನು ನೋಡಿದ ಪ್ಯಾಕಿಂಗ್ ವಿಭಾಗದವರೊಬ್ಬರ ಭಾವಮೈದುನ ಟಿವಿ ಧಾರಾವಾಹಿಗಳಿಗೆ ಸೆಟ್ ಹಾಕುವ ಬಡಗಿ. ಅವನ ಮೂಲಕ ಒಬ್ಬ ನಿರ್ಮಾಪಕರ ಪರಿಚಯವಾಯಿತು. ಹೀಗೆ ಬಸ್ಸಿನಿಂದ ಇಳಿದವರು ಟಿವಿಗೆ ಹತ್ತಿದರು.

ಮೊದಮೊದಲು ಹಾಡಿನ ಕಾರ್ಯಕ್ರಮದ ನಡುವೆ ಬರುವ ತುಣುಕುಗಳು. ಆಮೇಲೆ ದೀಪಾವಳಿಗೊಂದು ವಿಶೇಷ. ಆಮೇಲೆ ಅವರನ್ನು ಹೆಸರುವಾಸಿ ಮಾಡಿದ ಆ ಧಾರಾವಾಹಿ. ಅದಕ್ಕಾಗಿ ಕಾರ್ಖಾನೆಯ ಕೆಲಸ ಬಿಟ್ಟರು. ಊರಿನಿಂದ ಅವರ ಅಣ್ಣ ಬಂದು ಎರಡು ದಿನ ಇದ್ದು, ಬೈದು, ನಮ್ಮನೆಯಲ್ಲಿ ಊಟ ಮಾಡಿ ಹೋದರು.

ಕನ್ನಡ ಧಾರಾವಾಹಿ ಹೈದರಾಬಾದಿನಲ್ಲಿ ಯಾಕೆ ಎಂದು ಈಗಿನವರು ಕೇಳುತ್ತಾರೆ. ನಿರ್ಮಾಪಕರು ಇಲ್ಲಿಯವರು, ನಾಚಾರಂನಲ್ಲಿ ಅವರದೊಂದು ಖಾಲಿ ಗೋದಾಮು ಇತ್ತು, ಅಷ್ಟೇ. ಅದರೊಳಗೆ ಒಂದು ಮನೆಯ ಸೆಟ್ ಹಾಕಿದ್ದರು. ಕಲಾವಿದರು ಬೆಂಗಳೂರಿನಿಂದ ಬಂದು ವಾರವಿದ್ದು ಹೋಗುತ್ತಿದ್ದರು. ಕ್ಯಾಮೆರಾದವರು, ಲೈಟಿನವರು, ಎಡಿಟರ್ ಎಲ್ಲರೂ ತೆಲುಗಿನವರು. ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಯಂತ್ರ. ಅದು ದಢಾರ್ ಎಂದರೆ ಚಿತ್ರೀಕರಣ ನಿಲ್ಲಬೇಕು. ಒಮ್ಮೆ ನಾನೂ ಹೋಗಿ ನೋಡಿದ್ದೆ. ನಾಯಕ ಕಣ್ಣೀರು ತುಂಬಿಕೊಂಡು ಬಾಯಿ ತೆರೆದಾಗಲೆಲ್ಲ ಯಂತ್ರ ದಢಾರ್ ಅನ್ನುತ್ತಿತ್ತು. ಅವನು ಕಣ್ಣೀರನ್ನು ಅಲ್ಲೇ ಹಿಡಿದುಕೊಂಡು ನಿಂತಿರುತ್ತಿದ್ದ.

ನಮ್ಮ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಹೊತ್ತು ಕಾಕಾ ಬರೆದ ಮಾತುಗಳಿಗೆ ಪರೀಕ್ಷೆಯ ಹೊತ್ತು. ಹೊಸ್ತಿಲ ಮೇಲೆ ಕೂತು ಓದುತ್ತಿದ್ದರು. ಅವ್ವ ಒಲೆ ಕಡೆ ಮುಖ ಮಾಡಿ ಪಟ್ ಪಟ್ ಪಟ್ ಎಂದು ಬಡಿಯುತ್ತಿದ್ದಳು. ಅವಳು ನಕ್ಕರೆ ಕಾಕಾಗೆ ಅಷ್ಟೇನೂ ಖುಷಿಯಾಗುತ್ತಿರಲಿಲ್ಲ. ಬಡಿಯುವ ಕೈ ನಿಲ್ಲಬೇಕು. ಯಾವುದೋ ಸಾಲಿಗೆ ಪಟ್ ಪಟ್ ಸದ್ದು ಥಟ್ಟನೆ ನಿಂತರೆ, "ಇದು ಇರ್ಲಿ" ಎಂದು ಆ ಸಾಲಿಗೆ ಗೆರೆ ಎಳೆಯುತ್ತಿದ್ದರು. "ಬಾಯಿ ಯಾತಕ್ಕರ ನಗತೈತಿ. ಕೈ ಹಂಗಲ್ಲ ಅದು. ಕೈಗೆ ಕೆಲಸ ಇರ್ತೈತಿ" ಎಂದು ನನಗೆ ಹೇಳುತ್ತಿದ್ದರು.

ಕಾಕಾ ಅವ್ವನಿಗೆ ಓದಿ ಹೇಳುತ್ತಿದ್ದದ್ದು ಎಷ್ಟೋ ಸಲ ಅವ್ವನ ಮಾತನ್ನೇ.

ಧಾರಾವಾಹಿಯ ಮನೆ ಒಬ್ಬ ದೊಡ್ಡ ಅಧಿಕಾರಿಯದು. ಅಧಿಕಾರಿ, ಅವನ ಹೆಂಡತಿ, ಮಕ್ಕಳು ಎಲ್ಲರೂ ಬೆಂಗಳೂರು ಕನ್ನಡದವರು. ಅಡುಗೆಗೆ ಬಂದ ಹೆಂಗಸು ಮಾತ್ರ ನಮ್ಮ ಕಡೆಯವಳು. ಚಾನೆಲ್ಲಿನವರ ಷರತ್ತು ಅದು: ಅಡುಗೆಯವಳು ಉತ್ತರ ಕರ್ನಾಟಕದವಳಾಗಿರಲಿ, ಬಾಯಿ ತೆರೆದರೆ ನಗು ಬರಲಿ. ಕಾಕಾ ಅವಳಿಗೆ ಅಡಿಗಿ ಅಕ್ಕ ಎಂದು ಹೆಸರಿಟ್ಟರು. ಅವಳ ಬಾಯಲ್ಲಿ ಅವ್ವನ ಮಾತುಗಳನ್ನು ಇಟ್ಟರು. ಅಧಿಕಾರಿಯ ಹೆಂಡತಿ ಪಕ್ಕದ ಮನೆಗೆ ಬಂದ ಹೊಸಬಳ ಬಗ್ಗೆ ಕೆದಕಿದರೆ, "ಊರಿಗೆ ಬಂದಾಕಿ ನೀರಿಗೆ ಬರ್ದ ಇರ್ತಾಳೇನ್ರಿ, ಬಂದಾಗ ನೋಡಿದ್ರಾತು" ಅನ್ನುವುದು. ಮಗಳು ಪರೀಕ್ಷೆಯಲ್ಲಿ ಫೇಲಾಗಿ ಪ್ರಶ್ನೆಪತ್ರಿಕೆಯನ್ನು ದೂರಿದರೆ, "ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ" ಅನ್ನುವುದು. ಪ್ರತಿ ಮಾತಿಗೂ ಟಿವಿಯಿಂದ ಘೊಳ್ಳೆಂದು ನಗು. ಅದಕ್ಕೆ ಕಾಕಾ ಡಬ್ಬಿ ನಗು ಅನ್ನುತ್ತಿದ್ದರು. ಯಾರೋ ಎಂದೋ ನಕ್ಕದ್ದನ್ನು ತುಂಬಿಟ್ಟು ಬೇಕಾದಾಗ ಮುಚ್ಚಳ ತೆಗೆಯುವುದು. ವರಂಗಲ್ ಕಡೆಯ ಎಡಿಟರ್‌ಗೆ ಕನ್ನಡ ಒಂದಕ್ಷರ ಬಾರದು. ಹಾಗಾಗಿ ಕಾಕಾ ಹಾಳೆಯ ಮೇಲೆ ಮಾತಿನ ಕೊನೆಗೆ ಕೆಂಪು ಚುಕ್ಕಿ ಇಟ್ಟು ಕಳಿಸುತ್ತಿದ್ದರು. ಒಂದು ಚುಕ್ಕಿಗೆ ಸಣ್ಣ ನಗು, ಎರಡಕ್ಕೆ ದೊಡ್ಡದು, ಸುತ್ತು ಹಾಕಿದರೆ ಚಪ್ಪಾಳೆ. ಎಡಿಟರ್ ಮಾತು ನೋಡುತ್ತಿರಲಿಲ್ಲ, ಚುಕ್ಕಿ ನೋಡುತ್ತಿದ್ದ.

ಅವ್ವನಿಗೆ ಮೊದಲು ಹೆಮ್ಮೆಯೇ. ಧಾರಾವಾಹಿಯ ಹೊತ್ತಿಗೆ ಇಸ್ತ್ರಿ ಅಂಗಡಿಯವನ ಹೆಂಡತಿಯನ್ನೂ ಕರೆದು ಕೂರಿಸಿಕೊಳ್ಳುತ್ತಿದ್ದಳು. ಅವಳಿಗೆ ತೆಲುಗಿನಲ್ಲಿ ಅರ್ಥ ಹೇಳುತ್ತ, "ಇದು ನಂದs ಮಾತು" ಎಂದು ಎದೆ ತಟ್ಟಿಕೊಳ್ಳುತ್ತಿದ್ದಳು. ನನಗೂ ಖುಷಿ. ಕಾಲೇಜಿನಲ್ಲಿ ನಾಲ್ಕು ಜನ ಕನ್ನಡದ ಗೆಳತಿಯರ ಮುಂದೆ ನಾನು ಅಡಿಗಿ ಅಕ್ಕನ ಮಗಳೇ ಎಂಬಂತೆ ತಿರುಗಾಡಿದೆ.

ಆಗ ನಮ್ಮ ಕನ್ನಡದವರಲ್ಲಿ ಹಿರಿಯಳಾಗಿದ್ದ ಒಬ್ಬ ಅಜ್ಜಿ ತೀರಿಕೊಂಡಳು. ಅವಳಿಲ್ಲದೆ ನಮ್ಮವರ ಯಾವ ಮನೆಯ ಬಾಣಂತನವೂ ಆಗಿದ್ದಿಲ್ಲ. ಕೊನೆಕೊನೆಗೆ ಪಿ.ಜಿ. ಊಟ ತಿಂದು ಸೊರಗಿದ ಐಟಿ ಹುಡುಗ ಹುಡುಗಿಯರನ್ನು ಯುಗಾದಿಗೆ ಕರೆದು ಹೋಳಿಗೆ ಹಾಕುತ್ತಿದ್ದಳು. ಕನ್ನಡದವರು ಸೇರುವ ಸಭಾಂಗಣದಲ್ಲಿ ಒಂದು ಭಾನುವಾರ ಬೆಳಗ್ಗೆ ಸಂತಾಪ ಸಭೆ ಇತ್ತು. ಹುಡುಗರು ಬಹಳ ಮಂದಿ ಬಂದಿದ್ದರು. ಬೆಂಗಳೂರು, ಮೈಸೂರು, ಮಂಗಳೂರು ಕಡೆಯವರು. ಕೆಟ್ಟವರಲ್ಲ. ಅಜ್ಜಿಯ ಮೇಲಿನ ಪ್ರೀತಿಗೇ ರಜೆಯ ದಿನ ಎದ್ದು ಬಂದವರು. ಕಾಕಾ ಕೊನೆಯ ಸಾಲಿನಲ್ಲಿ ಕೂತಿದ್ದರು.

ದೊಡ್ಡವರು ನಾಲ್ಕು ಜನ ಮಾತಾಡಿದ ಮೇಲೆ ಅವ್ವ ಎದ್ದಳು. ಅವಳು ಸಭೆಯಲ್ಲಿ ಮಾತಾಡಿದವಳಲ್ಲ. ಎರಡು ದಿನದಿಂದ ರೊಟ್ಟಿ ಬಡಿಯುತ್ತ ಏನೋ ಗುನುಗುತ್ತಿದ್ದಳು, ಮಾತು ಜೋಡಿಸಿಕೊಳ್ಳುತ್ತಿದ್ದಾಳೆಂದು ನನಗೆ ತಿಳಿದಿತ್ತು. ಸೆರಗು ಹೊದ್ದುಕೊಂಡು ಮೈಕಿನ ಮುಂದೆ ನಿಂತಳು.

"ನಾ ಮದಿವ್ಯಾಗಿ ಈ ಊರಿಗೆ ಬಂದ ಹೊಸತನ್ಯಾಗ ನನಗ ಹಿಂದಿ ಬರ್ತಿದ್ದಿಲ್ಲ, ತೆಲುಗು ಬರ್ತಿದ್ದಿಲ್ರಿ. ಒಂದಿನಾ ಬದನಿಕಾಯಿ ತರಾಕ ಅಂತ ಹೊಂಟೆ."

ನಗು. ಸಣ್ಣದು. ಅವ್ವ ಸೆರಗು ಸರಿಯಿದೆಯೇ ಎಂದು ನೋಡಿಕೊಂಡಳು.

"ಬಂಡ್ಯಾಂವ ನನ್ನ ಕೈಯಾಗ ಬರೇ ಹುಳಕ ಬದನಿಕಾಯಿನs ಹಾಕಿದ. ಏನಂತ ಹೇಳ್ಲಿ? ಬಾಯಿ ಬರ್ಲಿಲ್ಲ. ಅಲ್ಲೇ ರಸ್ತೇದಾಗ ಅಳಕೋತ ನಿಂತೆ."

ಈ ಸಲ ಇಡೀ ಸಭಾಂಗಣ ನಕ್ಕಿತು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಅಳುತ್ತ ನಿಂತೆ ಅನ್ನುವ ಮಾತಿಗೆ! ಕೆನ್ನೆಗೆ ಬಾರಿಸಬೇಕು ಅನಿಸಿತು, ಯಾರ ಕೆನ್ನೆಗೆಂದು ಗೊತ್ತಾಗಲಿಲ್ಲ. ಅವ್ವ ಒಮ್ಮೆ ಎಲ್ಲರ ಮುಖ ನೋಡಿದಳು. "ಇಷ್ಟs ರೀ. ಅಜ್ಜಿ ಭಾಳ ಚಲೋ ಇದ್ಲು" ಎಂದು ಕೈಮುಗಿದು ಬಂದು ಕೂತಳು. ಪಕ್ಕದ ಹುಡುಗಿ ಅವಳ ಕೈ ಹಿಡಿದುಕೊಂಡು, "ಆಂಟಿ, ಎಷ್ಟು ಚೆನ್ನಾಗಿ ಮಾತಾಡ್ತೀರ! ಥೇಟ್ ಅಡಿಗಿ ಅಕ್ಕ!" ಅಂದಳು. ಪ್ರೀತಿಯಿಂದಲೇ ಅಂದಳು. ನಾನು ಹಿಂದೆ ತಿರುಗಿ ನೋಡಿದೆ. ಕಾಕಾ ತಲೆ ಬಗ್ಗಿಸಿ ಬೆರಳು ಒರೆಸಿಕೊಳ್ಳುತ್ತಿದ್ದರು.

ಅಂದಿನಿಂದ ಅವ್ವ ಮನೆಯ ಹೊರಗೆ ಕನ್ನಡ ಆಡುವುದನ್ನು ಬಿಟ್ಟಳು. ಜಗಳವಿಲ್ಲ, ಅಳುವಿಲ್ಲ. ಕನ್ನಡದವರ ಅರಿಶಿನ ಕುಂಕುಮಕ್ಕೆ ಹೋದರೂ ಹಿಂದಿ, ಎದುರು ಮನೆಗೆ ಬಂದ ಧಾರವಾಡದ ಹೊಸ ಸೊಸೆಯ ಹತ್ತಿರವೂ ತೆಲುಗು. ಆ ಹುಡುಗಿ ಪಾಪ, ಇವರು ತೆಲುಗಿನವರೇ ಎಂದು ನಂಬಿ ಮುರುಕು ತೆಲುಗಿನಲ್ಲಿ ಒದ್ದಾಡುತ್ತಿದ್ದಳು. ಮೆಟ್ಟಿಲ ಮೇಲೆ ನಿಂತು ಇಡೀ ಗಲ್ಲಿಗೆ ಕೇಳುವಂತೆ ನನ್ನನ್ನು ಊಟಕ್ಕೆ ಕೂಗುತ್ತಿದ್ದ ಅವ್ವ ಈಗ ಒಳಗೆ ಬಂದು ಭುಜ ಮುಟ್ಟಿ ಕರೆಯುತ್ತಿದ್ದಳು.

ಕಾಕಾ ಎರಡು ದಿನ ಕೆಳಗಿಳಿಯಲಿಲ್ಲ. ಮೂರನೆಯ ದಿನ ಬಂದು ಹೊಸ್ತಿಲ ಮೇಲೆ ಕೂತರು. "ವೈನಿ" ಅಂದರು.

ಅವ್ವ ರೊಟ್ಟಿ ಬಡಿಯುತ್ತಲೇ ಅಂದಳು, "ನಿಮ್ಮದೇನ್ ತಪ್ಪೈತ್ರಿ? ಜನಾ ನಗ್ಲಿ ಅಂತ ಬರದ್ರಿ. ನಕ್ಕರು. ತಾಟು ತೊಗೊಳ್ರಿ."

ಬೈದಿದ್ದರೆ ಕಾಕಾ ಬದುಕಿಕೊಳ್ಳುತ್ತಿದ್ದರು. ಆಮೇಲೂ ಅವರು ಬರೆದದ್ದನ್ನು ತಂದು ಓದಿದರು, ಅವ್ವ ಬೇಡವೆನ್ನಲಿಲ್ಲ. ಆದರೆ ಅವಳ ಕೈ ಒಂದು ಸಾಲಿಗೂ ನಿಲ್ಲಲಿಲ್ಲ. ಪಟ್ ಪಟ್ ಪಟ್ ಎಂದು ಒಂದೇ ಸಮನೆ. ನನಗೆ ತಡೆಯಲಾಗಲಿಲ್ಲ. "ಕಾಕಾ, ಅಡಿಗಿ ಅಕ್ಕ ತನ್ನ ಹೊಟ್ಟಿ ಉರೀನ ಹೇಳಿದ್ರೂ ಅಲ್ಲಿ ನಗು ಯಾಕ ಹಾಕಸ್ತೀರಿ?" ಎಂದು ಎದುರಿಗೇ ಕೇಳಿದೆ.

ಕಾಕಾ ಪೆನ್ನಿನ ಮುಚ್ಚಳ ಹಾಕಿ, "ನಾ ಅಕಿಗೆ ಆ ಮನ್ಯಾಗಿನ ಎಲ್ಲಾರಿಗಿಂತ ಶ್ಯಾಣ್ಯಾ ಮಾತು ಕೊಟ್ಟೀನವ್ವ. ಒಂದs ಒಂದು ಮಾತೂ ಹಗುರಂದಿಲ್ಲ. ಆದ್ರ ಆ ನಗೂದಾಗ ಯಾರಿಗೂ ಕೇಳಸ್ಲಿಲ್ಲ" ಅಂದರು.

ಅವರು ನಿರ್ಮಾಪಕರ ಹತ್ತಿರ ಹೋಗಿ ಕೇಳಿಯೂ ಕೇಳಿದರಂತೆ, ಅಡಿಗಿ ಅಕ್ಕನ ಮಾತಿಗೆ ನಗು ಕಡಿಮೆ ಮಾಡೋಣ ಎಂದು. ನಿರ್ಮಾಪಕರು ಒಳ್ಳೆಯ ಮನುಷ್ಯ, ಕಾಕಾಗೆ ತಮ್ಮ ಕೈಯಾರೆ ಚಹಾ ಕೊಟ್ಟು, "ಆ ಭಾಷಲೋನೇ ಉಂದಿ ಸಾರ್ ನವ್ವು" ಅಂದರು. ನಗು ಇರುವುದೇ ಆ ಭಾಷೆಯಲ್ಲಲ್ಲವೇ ಸಾರ್, ಎಂದು. ಮಾತು ಬದಲಿಸೋಣವೆಂದರೆ ಬರೆದದ್ದೆಲ್ಲ ಮೊದಲು ಬೆಂಗಳೂರಿನ ಚಾನೆಲ್ಲಿಗೆ ಹೋಗಿ ಒಪ್ಪಿಗೆ ಪಡೆದು ಬರಬೇಕು. ಅಲ್ಲಿಂದ ಬಂದ ಮೇಲೆ ಕಾಕಾ ಚುಕ್ಕಿ ಇಡುವುದೊಂದೇ ಬಾಕಿ. ಆ ಚುಕ್ಕಿಯನ್ನು ಎಡಿಟರ್ ಬಿಟ್ಟರೆ ಇನ್ನಾರೂ ನೋಡುವುದಿಲ್ಲ.

ಕಾಕಾ ಯಾರಿಗೂ ಏನೂ ಹೇಳಲಿಲ್ಲ. ಒಂದು ಸಂಜೆ ನಾವು ಧಾರಾವಾಹಿ ನೋಡುತ್ತಿದ್ದೆವು. ಅವ್ವ ತಟ್ಟೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಈಗೀಗ ಟಿವಿ ಕಡೆ ಅವಳು ನೋಡುತ್ತಲೇ ಇರಲಿಲ್ಲ. ಅಧಿಕಾರಿ ನೆಂಟರ ಮುಂದೆ ಸೋಫಾದಲ್ಲಿ ಕೂತು, "ನಮ್ಮ ಮನೆಯಲ್ಲಿ ಎಲ್ಲರೂ ಸಮಾನರು. ಮೇಲು ಕೀಳು ನನಗೆ ಆಗೋದೇ ಇಲ್ಲ. ಏಯ್, ಕಾಫಿ ತಾರೇ!" ಅಂದ. ಘೊಳ್ಳೆಂದು ನಗು ಬಂತು. ಅವ್ವ ತಲೆಯೆತ್ತಿದಳು. ಅಧಿಕಾರಿಯ ಮಾತಿಗೆ ಆ ಮನೆಯಲ್ಲಿ ಯಾರೂ ಎಂದೂ ನಕ್ಕಿರಲಿಲ್ಲ. ಅಡಿಗಿ ಅಕ್ಕ ಕಾಫಿ ತಂದಿಟ್ಟಳು. ನೆಂಟರಲ್ಲೊಬ್ಬಳು, ನಿನ್ನ ಊರು ಯಾವುದು, ಹೋಗಿ ಎಷ್ಟು ದಿನ ಆಯಿತು ಎಂದು ಕೇಳಿದಳು. "ಹ್ವಾದ ವರ್ಷ ನಮ್ಮವ್ವ ಸತ್ತಾಗ ಹೋಗಿದ್ನಿರಿ. ನಾ ಹೋಗೂದ್ರಾಗ ಮಣ್ಣಾಗಿತ್ತು. ಹಬ್ಬದ ಅಡಿಗಿ ಮುಗಿಸಿ ಹೋಗು ಅಂದ್ರಲ್ಲ ಅಮ್ಮಾರು" ಅಂದಳು.

ನಗು ಬರಲಿಲ್ಲ.

ಎರಡು ಕ್ಷಣ ಏನೂ ಇಲ್ಲ. ಆ ನಟಿ ಬೆಂಗಳೂರಿನವಳು, ನಮ್ಮ ಮಾತನ್ನು ಕಲಿತು ಆಡುತ್ತಿದ್ದವಳು. ಅವಳು ಖಾಲಿ ತಟ್ಟೆ ಹಿಡಿದುಕೊಂಡು ನಿಂತದ್ದು ಅವತ್ತು ಮೊದಲ ಸಲ ಕಣ್ಣಿಗೆ ಕಂಡಿತು. ಅದೇ ಮಾತು, ಬೆಂಗಳೂರಿನಿಂದ ಒಪ್ಪಿಗೆ ಪಡೆದು ಬಂದದ್ದೇ. ಅವ್ವನ ಕೈಯಲ್ಲಿ ಮೆಂತ್ಯದ ಕಡ್ಡಿ ಹಾಗೇ ಇತ್ತು. ಇಸ್ತ್ರಿ ಅಂಗಡಿಯವನ ಹೆಂಡತಿ ಏನಂದಳು ಏನಂದಳು ಎಂದು ಕೇಳಿದರೆ ಅವ್ವ ಅರ್ಥ ಹೇಳಲಿಲ್ಲ. ಎದ್ದು ಒಳಗೆ ಹೋದಳು.

ಆರೇಳು ವಾರ ಹೀಗೇ ನಡೆಯಿತು. ಅಧಿಕಾರಿ ದೊಡ್ಡ ಮಾತಾಡಿದರೆ ನಗು, ಅವನ ಹೆಂಡತಿ ಜಂಭ ಮಾಡಿದರೆ ನಗು, ಅಡಿಗಿ ಅಕ್ಕ ಬೇಕೆಂದು ಕೊಂಕು ನುಡಿದರೆ ಅದಕ್ಕೂ ನಗು. ಅವಳು ಮನಸ್ಸಿನ ಮಾತಾಡಿದರೆ ಮಾತ್ರ ಸದ್ದಿಲ್ಲ. ನೋಡುವವರು ಕಡಿಮೆಯಾದರೋ ಹೆಚ್ಚಾದರೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಚಾನೆಲ್ಲಿನವರಿಗೆ ತಿಳಿಯಿತು. ಅಡಿಗಿ ಅಕ್ಕನ ನಗು ಎಲ್ಲಿ ಹೋಯಿತು ಎಂದು ಗೋದಾಮಿಗೆ ಬಂದು ಎಡಿಟರ್‌ನನ್ನು ಹಿಡಿದರು. ಕೆಲಸ ಮರೆತಿದ್ದೀಯ, ನಾಳೆಯಿಂದ ಬರಬೇಡ ಅಂದರು. ಆ ಮನುಷ್ಯನಿಗೆ ಏನಾಗುತ್ತಿದೆ ಎಂದೇ ತಿಳಿಯದು. ಕಾಕಾ ಎದ್ದು ನಿಂತು, ಅವನದೇನೂ ಇಲ್ಲ, ಚುಕ್ಕಿ ಇಟ್ಟವನು ನಾನು, ಬೇಕೆಂದೇ ಇಟ್ಟೆ ಅಂದರಂತೆ. ಅಲ್ಲಿಗೆ ಅವರ ಟಿವಿ ಕೆಲಸ ಮುಗಿಯಿತು. ಬೆಂಗಳೂರಿನಿಂದ ಬೇರೆ ಬರಹಗಾರರು ಬಂದರು, ನಗು ಹಳೆಯ ಜಾಗಕ್ಕೇ ಹೋಯಿತು. ಕೆಲವೇ ತಿಂಗಳಲ್ಲಿ ಧಾರಾವಾಹಿಯೂ ನಿಂತಿತು.

ನಮಗೆ ಇದು ತಿಳಿದದ್ದು ಎಡಿಟರ್‌ನಿಂದ. ಒಂದು ಸಂಜೆ ಮಿಠಾಯಿ ಡಬ್ಬಿ ಹಿಡಿದುಕೊಂಡು ಬಂದ. ಕಾಕಾ ಮನೆಯಲ್ಲಿರಲಿಲ್ಲ, ನಮ್ಮಲ್ಲಿ ಕೂತ. ಅವ್ವ ನೀರು ಕೊಟ್ಟಳು. ಅವನು ತೆಲುಗಿನಲ್ಲಿ ಎಲ್ಲ ಹೇಳಿದ. ಸಾರ್ ನನ್ನ ಅನ್ನ ಉಳಿಸಿದರು, ಆದರೆ ಅಷ್ಟು ಒಳ್ಳೆಯ ನಗುಗಳನ್ನು ಆ ದಪ್ಪ ಅಧಿಕಾರಿಯ ಮಾತಿಗೆ ಯಾಕೆ ಹಾಕಿಸಿದರೋ ನನಗಿನ್ನೂ ಅರ್ಥವಾಗಿಲ್ಲಮ್ಮಾ ಅಂದ. ಅವನು ಹೋದ ಮೇಲೆ ಅವ್ವ ಮೆಟ್ಟಿಲ ಬಾಗಿಲಲ್ಲಿ ನಿಂತುಕೊಂಡಳು. ಕಾಕಾ ಚೀಲ ಹಿಡಿದು ಮೇಲೆ ಬರುವುದು ಕಂಡದ್ದೇ ಶುರುವಾದಳು.

"ಏನ್ರೀ, ತಲಿ ನೆಟ್ಟಗ ಐತೋ ಇಲ್ಲೋ? ಕಲ್ಲಿನಂಥಾ ನೌಕರಿ ಬಿಟ್ಟು ಇದನ್ನ ಹಿಡದ್ರಿ. ನಿಮ್ಮಣ್ಣ ಬಂದು ಬೈದು ಹ್ವಾದ್ರು. ಈಗ ಇದನ್ನೂ ಕಳಕೊಂಡು ಬಂದು ಮಳ್ಳನ ಹಂಗ ಮೆಟ್ಟಲಾ ಹತ್ತಾಕತ್ತೀರಿ! ನಾ ಕೇಳಿದ್ನೇನು? ನನ್ನ ಸಲುವಾಗಿ ಇದನ್ನೆಲ್ಲಾ ಮಾಡ್ರಿ ಅಂತ ನಾ ಬಂದು ಕೇಳಿದ್ನೇನು?"

ಕೆಳಗೆ ಇಸ್ತ್ರಿ ಪೆಟ್ಟಿಗೆ ನಿಂತಿತು. ಎದುರು ಮನೆಯ ಧಾರವಾಡದ ಸೊಸೆ ಕಿಟಕಿಗೆ ಬಂದು ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಇವರು ತೆಲುಗಿನವರಲ್ಲವೇ!

ಕಾಕಾ ಎರಡು ಮೆಟ್ಟಿಲು ಕೆಳಗೇ ನಿಂತು, "ನಿಮ್ಮ ಸಲುವಾಗಿ ಅಲ್ಲ ವೈನಿ. ಬರದದ್ದು ಕೇಳಸ್ಲಿಲ್ಲಂದ್ರ ಬರದು ಏನ್ ಮಾಡೂದೈತಿ?" ಅಂದರು.

"ಬರದದ್ದು ಕೇಳಸ್ತು. ಈಗ ಊಟಕ್ಕ ಬರ್ರಿ" ಅಂದಳು ಅವ್ವ, ಅದೇ ದನಿಯಲ್ಲಿ.

ಹೀಗೆ ನಮ್ಮ ಮೆಟ್ಟಿಲಿಗೆ, ಗಲ್ಲಿಗೆ ಕನ್ನಡ ತಿರುಗಿ ಬಂತು. ಆದರೆ ನಾಲ್ಕು ಜನ ಸೇರಿದಲ್ಲಿ ಮಾತಾಡು ಅಂದರೆ ಅವ್ವ ಕೈಮುಗಿದು ಹಿಂದೆ ಸರಿಯುತ್ತಿದ್ದಳು. ಅಜ್ಜಿಯ ಕಥೆ ಮುಂದೇನು ಎಂದು ನಾನು ಎಷ್ಟೋ ಸಲ ಕೇಳಿದೆ. "ಬಿಡು, ಮುಗೀತದು" ಅನ್ನುತ್ತಿದ್ದಳು.

ಕಾಕಾ ನಾಚಾರಂನಲ್ಲೇ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಯಾಕಿಂಗ್ ನೋಡಿಕೊಳ್ಳುವ ಕೆಲಸ ಹಿಡಿದರು. ಕನ್ನಡದವರ ಮದುವೆ ಸೀಮಂತಗಳಿಗೆ ಚಿಕ್ಕ ಪ್ರಹಸನ ಬರೆದುಕೊಡುತ್ತಿದ್ದರು. ನನ್ನ ಮದುವೆಯಲ್ಲಿ ನನ್ನ ಮಾವನವರನ್ನೇ ಪಾತ್ರ ಮಾಡಿ ಅವರಿಂದಲೇ ಚಪ್ಪಾಳೆ ಹೊಡೆಸಿಕೊಂಡರು. ಟಿವಿ ಬಿಟ್ಟದ್ದಕ್ಕೆ ಬೇಜಾರಿಲ್ಲವೇ ಎಂದು ಕೇಳಿದ್ದೆ. "ಬೇಜಾರು ಇರ್ದ ಏನು? ಐತಿ. ಆದ್ರ ಅಲ್ಲಿ ಲಕ್ಷ ಮಂದಿ ನಕ್ಕರು ಅಂತಿದ್ರು, ನಾ ಒಬ್ಬರ ಮಾರಿನೂ ನೋಡಿದ್ದಿಲ್ಲ" ಅಂದರು. ಬೇಜಾರನ್ನು ಅವರು ಹಾಗೆ ನೇರವಾಗಿ ಒಪ್ಪಿಕೊಂಡದ್ದು ನನಗೆ ಹಿಡಿಸಿತು.

ಹೋದ ವರ್ಷ ಕಾಕಾನ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯ ಸಾಮಾನ್ಯ ವಾರ್ಡು. ಅಣ್ಣ ತೀರಿಹೋಗಿದ್ದರು, ಅಣ್ಣನ ಮಗ ಊರಿನಿಂದ ಬಂದು ಹೋಗಿ ಮಾಡುತ್ತಿದ್ದ. ದಿನದ ಊಟ ಅವ್ವನದು. ಪಕ್ಕದ ಮಂಚದಲ್ಲಿ ಜಹೀರಾಬಾದ್ ಕಡೆಯ ಒಬ್ಬ ಮುದುಕ, ಅವನ ಸೊಸೆ. ಅವರಿಗೆ ನಮ್ಮ ಮಾತು ತಿಳಿಯುತ್ತಿತ್ತು. ಒಂದು ಮಧ್ಯಾಹ್ನ ಅವ್ವ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ ಕಾಕಾ ಆಕ್ಸಿಜನ್ ಮಾಸ್ಕ್ ಸರಿಸಿ, "ವೈನಿ, ಅವತ್ತ ಅಜ್ಜಿ ಬಗ್ಗೆ ಹೇಳಾಕ ಹೊಂಟಿದ್ರೆಲ್ಲ, ಅದನ್ನ ಪೂರ್ತಿ ಮಾಡ್ರಿ" ಅಂದರು.

"ಇಲ್ಲಿ ಬ್ಯಾಡ್ರಿ. ಮಂದಿ ಅದಾರ."

"ಮಂದಿ ಅದಾರಂತs ಕೇಳಾಕತ್ತೀನಿ."

ಅವ್ವ ನನ್ನ ಮುಖ ನೋಡಿದಳು. ಅವಳು ಬಟ್ಟಲು ಕೆಳಗಿಟ್ಟು ಸೆರಗು ಹೊದ್ದುಕೊಂಡಳು.

"ರಸ್ತೇದಾಗ ಅಳಕೋತ ನಿಂತಿದ್ನಿರಿ. ಆ ಅಜ್ಜಿ ಬಂದ್ಲು. ನನಗ ಗುರ್ತ ಇದ್ದಿದ್ದಿಲ್ಲ. ಯಾವೂರವ್ವ ನಿಂದು ಅಂತ ಕೇಳಿದ್ಲು. ಹೇಳಿದೆ. ಅಳಬ್ಯಾಡ, ಅವಗ ಬೈ ಅಂದ್ಲು. ನನಗ ಅವನ ಭಾಷಾ ಬರೂದಿಲ್ರಿ ಅಂದೆ. ನಿನಗ ಬರೂ ಭಾಷಾದಾಗ ಬೈಯವ್ವ, ಬೈಗಳಕ್ಕ ಭಾಷಾ ಬೇಕೇನು, ಮಾರಿ ನೋಡಿದ್ರ ತಿಳೀತೈತಿ ಅಂದ್ಲು. ನನಗೂ ಹೊಟ್ಟಿ ಉರದಿತ್ತು. ಚಾಲೂ ಮಾಡಿದೆ. ನಿನ್ನ ಬಂಡಿ ಮುರೀಲಿ, ನಿನ್ನ ತಕ್ಕಡಿಗೆ ಹುಳಾ ಬೀಳ್ಲಿ, ನಿನ್ನ ಹೇಂತಿ ನಿನಗ ದಿನಾ ಇದs ಬದನಿಕಾಯಿ ಪಲ್ಯಾ ಮಾಡಿ ಹಾಕ್ಲಿ. ನಮ್ಮೂರಾಗ ಕಲ್ತದ್ದು ಒಂದೂ ಬಿಡ್ಲಿಲ್ಲ. ಅಂವ ಕೈಕಟ್ಟಿ ನಿಂತು ಎಲ್ಲಾ ಕೇಳಿದ. ನಾ ದಣದು ಸುಮ್ಮಾದ ಮ್ಯಾಲೆ ಕೈಮುಗದು ಹೇಳ್ತಾನ, ಅಕ್ಕಾರ, ತಪ್ಪಾತ್ರಿ, ಬದನಿಕಾಯಿ ವಾಪಸ್ ಕೊಡ್ರಿ, ನಮ್ಮದು ಹುಮನಾಬಾದ್ರಿ!"

ಪಕ್ಕದ ಮಂಚದ ಮುದುಕ ಮೊದಲು ನಕ್ಕ. ಅವನ ಸೊಸೆ ಸೆರಗು ಬಾಯಿಗಿಟ್ಟುಕೊಂಡಳು. ಕಾಕಾನ ಹೆಗಲು ಕುಣಿಯುತ್ತಿತ್ತು, ಮಾಸ್ಕಿನ ಒಳಗೆಲ್ಲ ಮಂಜು ಹಿಡಿಯಿತು. ಕೆಮ್ಮು ಹತ್ತಿ ನರ್ಸು ಓಡಿ ಬಂದಳು. ಅವ್ವ ಎಲ್ಲರೂ ನಕ್ಕು ಮುಗಿಸುವವರೆಗೆ ಕಾದಳು. ಆಮೇಲೆ ದನಿ ತಗ್ಗಿಸಿ ಉಳಿದದ್ದನ್ನು ಹೇಳಿದಳು.

"ಅಜ್ಜಿ ದಿನಾ ಅವನ ಕಡೇನs ತರಕಾರಿ ತೊಗೊಂತಿದ್ಲು. ಅಂವ ನಮ್ಮಾಂವ ಅನ್ನೂದು ಅಕಿಗೆ ಮೊದ್ಲ ಗೊತ್ತಿತ್ತು. ಮತ್ತ್ಯಾಕ ಬೈಸಿದಿ ಅಂತ ಆಮ್ಯಾಲೆ ಕೇಳಿದೆ. ಈ ಊರಾಗ ನಿನ್ನ ಮಾತು ತಿಳಿಯೋರು ಅದಾರ ಅಂತ ಬಾಯಿಲೆ ಹೇಳಿದ್ರ ನೀ ನಂಬತಿದ್ದಿಲ್ಲವ್ವ ಅಂದ್ಲು. ಅವತ್ತಿನಿಂದ ನಾ ಈ ಊರಾಗ ಅಂಜಲಿಲ್ಲ."

ಮುದುಕ ಹೌದೌದು ಎಂಬಂತೆ ತಲೆಯಾಡಿಸುತ್ತಿದ್ದ. ಕಾಕಾನ ಕಣ್ಣು ತುಂಬಿತ್ತು. ಮಾಸ್ಕ್ ಮತ್ತೆ ಸರಿಸಿ, "ಇಂಥಾದ್ದನ್ನ ನನಗ ಯಾಕ ಮೊದ್ಲs ಹೇಳಿದ್ದಿಲ್ಲ ವೈನಿ?" ಅಂದರು.

"ಹೇಳಿದ್ರ ನೀವು ಸೀರಿಯಲ್‌ದಾಗ ಹಾಕಿಬಿಡ್ತಿದ್ರಿ" ಅಂದಳು ಅವ್ವ.

ಎರಡು ದಿನಕ್ಕೆ ಕಾಕಾ ಹೋದರು. ಅಣ್ಣನ ಮಗ ಊರಿನಿಂದ ಇನ್ನೂ ದಾರಿಯಲ್ಲಿದ್ದ. ಕೌಂಟರಿನ ಗುಮಾಸ್ತ ನಮ್ಮನ್ನು ಕರೆದು, ತೀರಿಕೊಂಡವರಿಗೆ ನೀವು ಏನಾಗಬೇಕಮ್ಮಾ ಎಂದು ತೆಲುಗಿನಲ್ಲಿ ಕೇಳಿದ. ಅವ್ವನಿಗೆ ನನಗಿಂತ ಚೆನ್ನಾಗಿ ತೆಲುಗು ಬರುತ್ತದೆ. ಹಿಂದೆ ಜನ ಸಾಲು ನಿಂತಿದ್ದರು. ಅವಳು ದನಿ ತಗ್ಗಿಸದೆ ಕನ್ನಡದಲ್ಲೇ ಉತ್ತರ ಕೊಟ್ಟಳು.

"ನಾ ಆಡೂ ಮಾತ ಪೂರ್ತಿ ಕೇಳಿದೋರ್ರಿ ಅವರು" ಅಂದಳು.

ಗುಮಾಸ್ತ ನನ್ನ ಮುಖ ನೋಡಿದ. "ಚುಟ್ಟಾಲು" ಅಂದೆ ನಾನು. ನೆಂಟರು. ಅವನು ಹಾಗೇ ಬರೆದುಕೊಂಡ.